ರಿವರ್ಸ್ ಗೇರಿನಲ್ಲಿ ಹೊಲಕ್ಕೆ

ಹಿಮದಲ್ಲಿ ಸಣ್ಣ ಕಾರು ಓಡಿಸುವುದು ಹೇಗೆಂಬುದನ್ನು ನಾನು ಬಾಗಲಕೋಟೆಯ ನವನಗರದಲ್ಲಿ, ಫ್ಯಾನಿನ ಕೆಳಗೆ ಕುಳಿತು ಕಲಿತೆ. ನಮ್ಮ ಕಡೆ ಬೆಳ್ಳಗೆ ಬೀಳುವುದೆಂದರೆ ಹತ್ತಿ ಲಾರಿಯಿಂದ ಉದುರುವ ಅರಳೆ ಒಂದೇ. ನನಗೆ ಬೇಕಾಗಿದ್ದದ್ದು ಮಳೆಯಾದ ಎರೆಹೊಲದಲ್ಲಿ ಕಾರು ಓಡಿಸುವ ವಿದ್ಯೆ. ಅದನ್ನು ಮೊಬೈಲಿನಲ್ಲಿ ಯಾವ ಪುಣ್ಯಾತ್ಮನೂ ಹೇಳಿರಲಿಲ್ಲ. ಸಿಕ್ಕವನು ಯಾವುದೋ ದೇಶದ, ಕಿವಿ ಮುಚ್ಚುವ ಟೊಪ್ಪಿಗೆಯ ಗಡ್ಡದವನು. ಸಣ್ಣ ಕಾರನ್ನು ಎಳೆಯುವುದು ಮುಂದಿನ ಗಾಲಿ, ಭಾರ ಅದರ ಮೇಲಿರಬೇಕು, ಜಾರಿದಾಗ ಎಕ್ಸಲರೇಟರ್ ತುಳಿಯಬಾರದು, ಏರು ಹತ್ತದಿದ್ದರೆ ಕಾರು ತಿರುಗಿಸಿ ರಿವರ್ಸಿನಲ್ಲಿ ಹತ್ತಬೇಕು ಎಂದು ಅವನು ಕೈಮಾಡಿ ತೋರಿಸಿದ. ನಾನು ಹೈಸ್ಕೂಲಿನ ಗಣಿತದ ಟೀಚರು. ಲೆಕ್ಕ ಸರಿಯಾಗಿದ್ದರೆ ಹೇಳಿದವರು ಯಾರೆಂದು ನೋಡುವವಳಲ್ಲ. ಅಲ್ಲದೆ ಹಿಮಕ್ಕಿಂತ ನಮ್ಮ ಎರೆಮಣ್ಣು ಒಂದು ಕೈ ಮೇಲು. ಹಿಮ ಜಾರಿಸಿ ಸುಮ್ಮನಾಗುತ್ತದೆ, ಇದು ಜಾರಿಸಿದ ಮೇಲೆ ಚಪ್ಪಲಿಯನ್ನೂ ಕಿತ್ತಿಟ್ಟುಕೊಳ್ಳುತ್ತದೆ.

ಇಷ್ಟು ಸಿದ್ಧತೆ ಏಕೆಂದರೆ, ಎಳ್ಳಮವಾಸ್ಯೆಗೆ ಅವ್ವನನ್ನು ಹೊಲಕ್ಕೆ ಒಯ್ಯುತ್ತೇನೆಂದು ಮಾತು ಕೊಟ್ಟಿದ್ದೆ. ಆ ದಿನ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಕಡುಬು-ಪಲ್ಯ ಕಲಸಿ ಬೆಳೆಗೆ ಉಣ್ಣಿಸಿದ ಹಾಗೆ ಸುತ್ತ ಚರಗ ಚೆಲ್ಲಬೇಕು. ನಮ್ಮ ಹೊಲದಲ್ಲಿ ಮೊದಲ ಹಿಡಿ ಯಾವಾಗಲೂ ಅವ್ವನದೇ. ಆದರೆ ಟೊಂಕ ಮುರಿದಾಗಿನಿಂದ ಅವಳು ಮೂರು ವರ್ಷ ಹೊಲದ ಮುಖ ಕಂಡಿರಲಿಲ್ಲ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂರಲು ಆಗುತ್ತಿರಲಿಲ್ಲ, ಬೇರೆ ಗಾಡಿಗೆ ದಾರಿ ಸರಿಯಿಲ್ಲವೆಂದು ಅವಳನ್ನು ನೋಡಿಕೊಳ್ಳುವ ನನ್ನ ಅಣ್ಣ-ತಮ್ಮ ಹೇಳುತ್ತಿದ್ದರು. ನಾನಂತೂ ಆ ದಿನ ಗಂಡನ ಮನೆಯವರ ಜೊತೆ ಬೇವೂರಿನ ಹೊಲದಲ್ಲಿರುತ್ತಿದ್ದೆ. ಈ ಸಲ "ನಾ ಸಾಯೂದ್ರಾಗ ಒಮ್ಮೆ ಹೊಲ ತೋರಸವಾ" ಎಂದು ಅವ್ವ ಫೋನಿನಲ್ಲಿ ಅತ್ತಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಲೈಸೆನ್ಸ್ ಪಡೆದು ಸಣ್ಣ ಕಾರು ಕೊಂಡವಳು ನಾನು. ಒಪ್ಪದೆ ಇರುವುದು ಹೇಗೆ?

ರಾಮಥಾಳದ ಹತ್ತಿರದ ನಮ್ಮೂರಿಗೆ ಬೆಳಿಗ್ಗೆ ಹೋದಾಗ ಹೆಂಗಸರು ಮಕ್ಕಳೆಲ್ಲ ಬುತ್ತಿಯೊಂದಿಗೆ ಟ್ರ್ಯಾಕ್ಟರಿನಲ್ಲಿ ಆಗಲೇ ಹೋಗಿದ್ದರು. ಎರಡು ದಿನದ ಹಿಂದೆ ಅಕಾಲದ ಮಳೆ ಬಿದ್ದಿತ್ತು. ಅವ್ವ ಇಳಕಲ್ ಸೀರೆ ಉಟ್ಟು, ಚರಗದ ಗಡಿಗೆ ತೊಡೆಯ ಮೇಲಿಟ್ಟುಕೊಂಡು, ಬಾಗಿಲಲ್ಲೇ ಕುರ್ಚಿ ಹಾಕಿಸಿ ಕುಳಿತಿದ್ದಳು. ಅಣ್ಣ ನನ್ನ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಾಲಿಗೆ ಒದ್ದು ನೋಡಿದ.

"ಈ ಡಬ್ಬಿ ಎರಿಯಾಗ ಬರೂದಿಲ್ಲವಾ. ರಾಡಿ ಭಾಳ ಐತಿ. ಅವ್ವ ಮನ್ಯಾಗ ಕುಂತು ಕೈ ಮುಗದ್ರ ನಡೀತೈತಿ. ದೇವರೇನು ಹೊಲದಾಗಷ್ಟ ಇರ್ತಾನೇನು?"

ಪಂಚಾಯ್ತಿಗೆ ನಿಂತು ಸೋತ ಮೇಲೆ ಅಣ್ಣನಿಗೆ ದೇವರು ಎಲ್ಲ ಕಡೆಯೂ ಇದ್ದಾನೆಂಬುದು ಹೊಳೆದಿತ್ತು. ನಾನು ಅವ್ವನನ್ನು ಮುಂದಿನ ಸೀಟಿಗೆ ಕೂಡಿಸಿದೆ. ಹಿಂದೆ ಅಣ್ಣ-ತಮ್ಮ ಇಬ್ಬರೂ ಹತ್ತಿದರು. ಒಬ್ಬೊಬ್ಬರೂ ತುಂಬಿದ ಜೋಳದ ಚೀಲ. ಕಾರಿನ ಮೂತಿ ಮೇಲೆದ್ದದ್ದು ನನಗೆ ಸ್ಟೇರಿಂಗಿನಲ್ಲೇ ಗೊತ್ತಾಯಿತು.

ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದದ್ದೇ ಉಪದೇಶ ಶುರುವಾಯಿತು. ಅಣ್ಣ ಎಡಕ್ಕೆ ಅಂದರೆ ತಮ್ಮ ಬಲಕ್ಕೆ ಅಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇಬ್ಬರೂ ಜನ್ಮದಲ್ಲಿ ಓಡಿಸಿದ್ದು ಟ್ರ್ಯಾಕ್ಟರು ಮಾತ್ರ. ನಮ್ಮ ಹೊಲ ಒಂದು ಏರಿನ ಮೇಲಿದೆ. ಆ ಏರಿನ ಬುಡದಲ್ಲಿ ಗಾಲಿ ಗರಗರ ತಿರುಗಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ.

"ಅಕ್ಕಾ, ತುಳಿ! ಜೋರ್ ತುಳಿ!" ಎಂದ ತಮ್ಮ.

"ಹಿಂದ ವಜ್ಜಿ ಸಾಲವಲ್ದು," ಎಂದು ಅಣ್ಣ ಇಳಿದು ದಾರಿಬದಿಯ ಎರಡು ದೊಡ್ಡ ಕಲ್ಲು ಹೊತ್ತು ತಂದು ಡಿಕ್ಕಿಗೆ ಹಾಕಿದ. ಟ್ರ್ಯಾಕ್ಟರಿಗಾದರೆ ಅದು ಸರಿ. ಅದನ್ನು ನೂಕುವುದು ಹಿಂದಿನ ಗಾಲಿ. ಇದಕ್ಕೆ ಮುಂದಿನ ಗಾಲಿ ಎಳೆಯುತ್ತದೆ, ಕಲ್ಲು ತೆಗೆಯಿರಿ, ನೀವೂ ಇಳಿಯಿರಿ ಎಂದು ನಾನು ಹೇಳುತ್ತಲೇ ಇದ್ದೆ. ಹತ್ತನೇ ಇಯತ್ತೆಯ ಕೊನೆಯ ಬೆಂಚಿನವರೂ ಇದಕ್ಕಿಂತ ಲಕ್ಷ್ಯ ಕೊಟ್ಟು ಕೇಳುತ್ತಾರೆ. ಅಣ್ಣ ಡಿಕ್ಕಿಯ ಮೇಲೇ ಏರಿ ಕುಳಿತು ಗಾದೆ ಹೇಳಿದ: "ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ." ಮುಂದಿನ ಗಾಲಿಗಳು ಇದ್ದಲ್ಲೇ ತಿರುಗಿ ಅರ್ಧ ಹೂತುಹೋದವು.

ಆಗ ಅವನು ಹೇಳಿದ, "ಸಾಕ್ ಬಿಡು. ಟ್ರ್ಯಾಕ್ಟರ್ ತಂದು ಎಳಸ್ತೇನಿ. ಅವ್ವನ್ನ ಹೊಳ್ಳಿ ಮನಿಗೆ ಬಿಟ್ ಬಾ."

ಅವ್ವ ಗಡಿಗೆಯನ್ನು ಎರಡೂ ಕೈಯಿಂದ ಅವುಚಿಕೊಂಡಳು. ನನಗೆ ಅಳುವೇ ಬಂತು. ಅಲ್ಲಿಂದ ಹೊಲ ನೂರು ಮಾರೂ ಇರಲಿಲ್ಲ. ಆದರೆ ಅವಳ ಟೊಂಕಕ್ಕೆ ಆ ರಾಡಿಯಲ್ಲಿ ಹತ್ತು ಹೆಜ್ಜೆಯೂ ಆಗದ ಮಾತು.

ಅವ್ವ ಕಿಟಕಿಯಿಂದ ತಲೆ ಹೊರಹಾಕಿದಳು. "ಲೇ, ಚಕ್ಕಡಿ ಹೂಡಿದಾಂವನ ಮಕ್ಕಳೇನಲೇ ನೀವು? ಎಳಿಯೂ ಎತ್ತು ಮುಂದ ಐತಿ ಅಂತ ಆಕಿ ಆಗಿಂದ ಬಡಕೊಳ್ಳಾಕತ್ತಾಳ. ಹಿಂಭಾರ ಆತಂದ್ರ ನೊಗ ಮ್ಯಾಲ ಏಳತೈತಿ. ಎತ್ತು ಏನ್ ಎಳೀಬೇಕು, ನಿಮ್ಮ ತಲಿ? ಇಳೀರಿ ಕೆಳಗ!"

ಇಳಿದರು. ಗಡ್ಡದವನು ಹತ್ತು ನಿಮಿಷದಲ್ಲಿ ಹೇಳಿದ್ದನ್ನು ಅವ್ವ ಒಂದು ಉಸಿರಿನಲ್ಲಿ ಹೇಳಿದ್ದಳು. ಕಲ್ಲು ತೆಗೆಸಿದೆ. ರಿವರ್ಸ್ ಹಾಕಿ, ಬಾನೆಟ್ಟಿಗೆ ಕೈಕೊಟ್ಟು ಹಿಂದಕ್ಕೆ ನೂಕಲು ಹೇಳಿದೆ. ರಿವರ್ಸಿನಲ್ಲಿ ಮುಂದಿನ ಗಾಲಿ ರಾಡಿಯನ್ನು ಮುಂದಕ್ಕೇ ಎರಚುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಮರೆತಿದ್ದೆ ಎಂದು ಆಮೇಲೆ ಆಣೆ ಮಾಡಿದೆ. ಹಬ್ಬದ ಬಿಳಿ ಅಂಗಿಯ ಇಬ್ಬರೂ ಎಮ್ಮೆ ಹೊಂಡದಿಂದ ಎದ್ದು ಬಂದಂತೆ ನಿಂತರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕುಲುಕುಲು ನಕ್ಕಳು. ಗರಸುಕಲ್ಲಿನ ಗಟ್ಟಿ ನೆಲದ ಮೇಲೆ ಕಾರು ತಿರುಗಿಸಿ, ಹುಲ್ಲಿದ್ದ ಅಂಚು ಹಿಡಿದು, ಕುತ್ತಿಗೆ ಹೊರಳಿಸಿ ನೋಡುತ್ತ, ಎಲ್ಲೂ ನಿಲ್ಲದೆ ನಿಧಾನವಾಗಿ ರಿವರ್ಸಿನಲ್ಲೇ ಏರು ಹತ್ತಿಸಿದೆ. ಅವ್ವ ಹೊಲಕ್ಕೆ ಬೆನ್ನು ಮಾಡಿ, ರಾಡಿಯಲ್ಲಿ ನಡೆದು ಬರುತ್ತಿದ್ದ ಗಂಡುಮಕ್ಕಳನ್ನು ನೋಡುತ್ತ, ರಾಣಿಯ ಹಾಗೆ ತನ್ನ ಹೊಲಕ್ಕೆ ಬಂದಳು.

ಬಾಗಿಲು ತೆಗೆದು ಇಳಿಸಿಕೊಂಡೆ. ಎದೆಯೆತ್ತರದ ಬಿಳಿಜೋಳ, ನಡುವೆ ಕುಸುಬಿಯ ಸಾಲು. ಅವ್ವ ನನ್ನ ತೋಳು ಹಿಡಿದು ಪೂಜೆಯ ಜಾಗದತ್ತ ನಾಲ್ಕು ಹೆಜ್ಜೆ ಹಾಕಿ ನಿಂತಳು. ಹೊಲದ ಮೂಲೆಯಲ್ಲಿದ್ದ, ನಮ್ಮಪ್ಪ ಕೊಡದಲ್ಲಿ ನೀರು ಹೊತ್ತು ಹಾಕಿ ಬೆಳೆಸಿದ ಬನ್ನಿ ಗಿಡ ಅಲ್ಲಿರಲಿಲ್ಲ. ಅದರ ಬುಡದಲ್ಲಿಡುತ್ತಿದ್ದ ಸುಣ್ಣ ಬಳಿದ ಐದು ಕಲ್ಲುಗಳು ಈಗ ಪಂಪಿನ ಸಿಮೆಂಟು ಕಟ್ಟೆಗೆ ಒರಗಿ ಬಿಸಿಲಲ್ಲಿ ಕುಳಿತಿದ್ದವು.

"ಬನ್ನಿ ಗಿಡ ಎಲ್ಲೈತಿ?" ಎಂದಳು ಅವ್ವ.

ಸೊಸೆಯಂದಿರು ಬುತ್ತಿ ಬಿಚ್ಚುವುದರಲ್ಲಿ ಮಗ್ನರಾದರು. ಅಣ್ಣ ಮುಖದ ರಾಡಿ ಒರೆಸಿಕೊಳ್ಳುತ್ತ ಬಂದು ನೆಲ ನೋಡಿದ. "ಟ್ರ್ಯಾಕ್ಟರ್ ಹೊಳ್ಳಾಕ ಅಡ್ಡ ಆಗ್ತಿತ್ತವ್ವಾ. ತಗಸಿದ್ವಿ."

"ಯಾವಾಗ?"

"ಮೂರು ವರ್ಷ ಆತು. ನೀ ದವಾಖಾನ್ಯಾಗ ಇದ್ದಿ. ಹೇಳಿದ್ರ ಸಂಕಟ ಪಡ್ತಿ ಅಂತ..."

ಅವ್ವ ನಾವು ಬಂದ ಕಡೆಗೆ ತಿರುಗಿ, ಏರಿನ ಬುಡದವರೆಗೂ ನೋಡಿದಳು.

"ಹಂಗಾದ್ರ ಮೂರೂ ವರ್ಷ ದಾರಿ ಸರಿನ ಇತ್ತು," ಎಂದಳು.

ಅಣ್ಣನ ಮುಖ ನೋಡಿ ನನಗೆ ಒಳಗೊಳಗೆ ಖುಷಿಯೇ ಆಯಿತು. ಅದು ಒಂದು ಗಳಿಗೆ ಮಾತ್ರ. ಏಕೆಂದರೆ ಆ ಮೂರು ವರ್ಷವೂ ಅಮವಾಸ್ಯೆಯ ಹಿಂದಿನ ದಿನ ಫೋನು ಮಾಡಿ "ದಾರಿ ಸರಿ ಇಲ್ಲಂತವ್ವಾ, ಸುಮ್ನ ಹಟ ಮಾಡಬ್ಯಾಡ" ಎಂದು ಅವಳಿಗೆ ಹೇಳಿದವಳು ನಾನು. ಒಂದು ಸಲವೂ ಬಂದು ಆ ದಾರಿಯನ್ನು ನೋಡಿರಲಿಲ್ಲ. ನಂಬಿದರೆ ನನಗೆ ಬರುವ ಕೆಲಸ ತಪ್ಪುತ್ತಿತ್ತು, ನಂಬಿದ್ದೆ.

ಅವ್ವ ಗಡಿಗೆಗೆ ಕೈಹಾಕಿ ಚರಗದ ಮೊದಲ ಹಿಡಿಯನ್ನು ಗಿಡವಿದ್ದ ಜಾಗಕ್ಕೆ ಚೆಲ್ಲಿದಳು. ನನ್ನ ತೋಳು ಬಿಟ್ಟು ಪಂಪಿನ ಕಟ್ಟೆ ಹಿಡಿದುಕೊಂಡು ನಿಂತಳು. ಗಂಡುಮಕ್ಕಳಿಬ್ಬರನ್ನೂ ನೋಡಿದ ಮೇಲೆ ತಿರುಗಿ ನನ್ನನ್ನೂ ಹಾಗೆಯೇ ನೋಡಿದಳು.