ಕೆಂಪು ಕೋಳಿಯ ಉಸಿರು

ಸಂಜೆ ಆರೂ ಇಪ್ಪತ್ತು. ಹೂವಿನ ಹಿಪ್ಪರಗಿ ಕಡೆಯ ಬಸ್ಸು ಮನೆ ಮುಂದೆ ಹಾದುಹೋಗುವ ಹೊತ್ತು. ಅದು ಎಬ್ಬಿಸಿದ ಧೂಳು ಇಳಿಯುವಷ್ಟರಲ್ಲಿ ನಮ್ಮ ಕೋಳಿಗಳೆಲ್ಲ ಗೂಡು ಸೇರಿರುತ್ತವೆ. ಅವತ್ತು ಕೆಂಪು ಕೋಳಿ ಸೇರಲಿಲ್ಲ. ಗೂಡಿನ ಬಾಯಲ್ಲಿ ನಿಂತು, ಕತ್ತು ಚಾಚಿ, ಕೊಕ್ಕು ತೆರೆದು ಗಾಳಿ ಎಳೆಯುತ್ತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕಣ್ಣಿನ ಮೂಲೆಯಲ್ಲಿ ಸೋಪಿನ ನೊರೆಯಂಥ ಗುಳ್ಳೆ. ಬಾಗಿ ಕಿವಿಗೊಟ್ಟೆ. ಒಳಗಿಂದ ಗೊರಗೊರ ಸದ್ದು, ಅಂಬಲಿ ಕುದಿದ ಹಾಗೆ.

"ಥಂಡಿ ಹತ್ತೈತಿ, ಅಷ್ಟ," ಎಂದರು ಅತ್ತೆ.

ನಮ್ಮದು ಕುರಿ ಕಾಯುವ ಮನೆತನ. ಕೆಮ್ಮುವ ಕುರಿಯ ತಲೆ ಎತ್ತಿ, ಬಿದಿರಿನ ಗೊಟ್ಟದಿಂದ ಗಂಟಲಿಗೆ ಔಷಧ ಸುರಿಯುವುದರಲ್ಲಿ ಅತ್ತೆಯದು ಊರೇ ನಂಬಿದ ಕೈ. ಕುರಿಮರಿಗಳ ಸಣ್ಣ ಗೊಟ್ಟ ತಂದರು. ಅಜವಾನ, ಬೆಳ್ಳುಳ್ಳಿ ಕುದಿಸಿದ ನೀರು ತುಂಬಿದರು.

"ರೆಕ್ಕಿ ಹಿಡಿ ಯವ್ವಾ. ಹೆದರಬ್ಯಾಡ, ಹುಲಿ ಅಲ್ಲ ಇದು."

ಹಿಡಿದೆ. ಅತ್ತೆ ಕೊಕ್ಕು ಬಿಡಿಸಿ ಸುರಿದರು. ಕೋಳಿ ಒಮ್ಮೆ ಮೈ ಕೊಡವಿತು. ನನ್ನ ಅಂಗೈಯೊಳಗೆ ಅದರ ಎದೆ ಎರಡು ಸಲ ಹಿಗ್ಗಿತು, ಆಮೇಲೆ ಹಿಗ್ಗಲಿಲ್ಲ. ಜುಟ್ಟು ನೇರಳೆಯಾಯಿತು. ರೊಟ್ಟಿಯ ಹಿಟ್ಟು ನಾದುವಾಗ ಆ ಎರಡು ಹಿಗ್ಗು ಇವತ್ತಿಗೂ ಅಂಗೈಗೆ ಬರುತ್ತವೆ.

ಉಳಿದವಕ್ಕೆ ಥಂಡಿ ತಾಗದಿರಲೆಂದು ಅತ್ತೆ ಗೂಡಿನ ಸುತ್ತ ತಾಡಪತ್ರಿ ಬಿಗಿದರು. ಬೆಳಿಗ್ಗೆ ಬಿಚ್ಚಿದರೆ ಹಿಕ್ಕೆಯ ಘಾಟಿಗೆ ಕಣ್ಣು ಉರಿಯಿತು. ಇನ್ನೆರಡು ಕೋಳಿಗಳು ಬಾಯಿ ತೆರೆದಿದ್ದವು.

ಪಕ್ಕದ ಮನೆಯವಳು ಗೋಡೆ ಮೇಲಿಂದ ಇಣುಕಿದಳು. "ಹೆಂಗೂ ಸಾಯ್ತಾವಕ್ಕಾ, ಕೊಯ್ದು ಸಾರು ಮಾಡ್ರಿ. ಇಲ್ಲಾಂದ್ರ ನನ್ನವೂ ಹೋಗ್ತಾವ!"

ಅತ್ತೆ ಗೊಟ್ಟವನ್ನು ಜಂತಿಗೆ ಸಿಕ್ಕಿಸಿ, "ನನ್ನ ಕೈಲೇ ಹೋತು," ಎಂದು ಹೊಸ್ತಿಲಲ್ಲಿ ಕೂತರು.

ಮುದ್ದೇಬಿಹಾಳದ ಕಾಲೇಜಿನಲ್ಲಿ ಓದಿದ್ದು ಯಾವುದೂ ನೆರವಿಗೆ ಬರಲಿಲ್ಲ. ಬಾಗೇವಾಡಿಯ ದನದ ದವಾಖಾನೆಗೆ ಫೋನ್ ಮಾಡಿದೆ. ಡಾಕ್ಟರು ಮಧ್ಯಾಹ್ನ ಬಂದು, ಕೋಳಿಗಳನ್ನು ನೋಡುತ್ತಲೇ ಕೇಳಿದರು.

"ಕುತ್ತಿಗಿ ತಿರುಚಿಕೊಂಡಾವೇನ್ರಿ? ಹಸಿರು ಹಿಕ್ಕಿ?"

"ಇಲ್ರಿ," ಎಂದೆ.

ಜಂತಿಯ ಗೊಟ್ಟ ಅವರ ಕಣ್ಣಿಗೆ ಬಿತ್ತು. "ಸತ್ತದ್ದಕ್ಕ ಗೊಟ್ಟ ಹಾಕಿದ್ರೇನು?"

"ಹೌದ್ರಿ."

"ಕುರಿ ಅಲ್ರಿ ಅಕ್ಕಾರ ಅದು. ಕೋಳಿಗೆ ನಾಲಿಗಿ ಬುಡದಾಗ ಉಸಿರಿನ ತೂತು ಇರ್ತೈತಿ. ಸುರಿದದ್ದು ನೆಟ್ಟಗ ಎದಿಗೇ ಇಳೀತೈತಿ."

ಕುಡಿಯುವ ನೀರಿಗೆ ಬೆರೆಸಲು ಪುಡಿ ಕೊಟ್ಟು, ಅಳತೆ ಹೇಳಿದರು. ಬೇನೆಯ ಕೋಳಿಗಳನ್ನು ಬೇರೆ ಇಡಬೇಕು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಗೂಡಿನ ಮೇಲ್ಭಾಗದಲ್ಲಿ ಗಾಳಿಯಾಡಬೇಕು, ಕೆಳಗೆ ಒಣ ಹಾಸಿಗೆ ಇರಬೇಕು. ತಾವು ಹೇಳುವತನಕ ಮೊಟ್ಟೆಯನ್ನೂ ತಿನ್ನಬಾರದು. ಹೊರಡುವಾಗ ತಿರುಗಿ ನಿಂತರು. "ಇನ್ನೊಂದು ಒಮ್ಮೆಲೆ ಸತ್ತರ ಮುಟ್ಟಬ್ಯಾಡ್ರಿ, ಫೋನ್ ಮಾಡ್ರಿ. ಆಗ ಮಾತು ಬ್ಯಾರೆ."

ಆ ಬೇರೆ ಮಾತು ಏನೆಂದು ನಾನು ಕೇಳಲಿಲ್ಲ. ಪೇಪರಿನಲ್ಲಿ ಓದಿದ್ದೆ. ಹಕ್ಕಿಜ್ವರ ಬಂದ ಓಣಿಯಲ್ಲಿ ಒಂದು ಕೋಳಿಯನ್ನೂ ಉಳಿಸುವುದಿಲ್ಲ. ಅತ್ತೆಗೆ ಹೇಳಲಿಲ್ಲ.

ಆಮೇಲಿನ ರಾತ್ರಿಗಳಲ್ಲಿ ಇಬ್ಬರೂ ನಿದ್ದೆ ಬಂದವರಂತೆ ಮಲಗಿ ಗೂಡಿಗೆ ಕಿವಿಗೊಡುತ್ತಿದ್ದೆವು. ಗೊರಗೊರ ಕೇಳಿದರೂ ಭಯ, ನಿಂತರೆ ಇನ್ನೂ ಭಯ.

ಬೇನೆಬಿದ್ದ ಎರಡರಲ್ಲಿ ಕರಿ ಕೋಳಿ ಪುಡಿ ಬೆರೆಸಿದ ನೀರೇ ಮುಟ್ಟಲಿಲ್ಲ. ಅತ್ತೆಯನ್ನು ಕರೆದೆ. "ನನ್ನ ಕೈ ಬ್ಯಾಡ," ಎಂದರು. ಅದರ ಕೊಕ್ಕಿನ ತುದಿಯನ್ನಷ್ಟೇ ಬಟ್ಟಲಿನ ನೀರಿಗೆ ತಾಗಿಸಿದೆ.

"ಮೆಲ್ಲಕ," ಎಂದು ಹೊಸ್ತಿಲಿಂದ ದನಿ. "ಮೆಲ್ಲಕ ಯವ್ವಾ."

ಕೋಳಿ ತಾನೇ ತಲೆ ಎತ್ತಿ ನುಂಗಿತು.

ಮುಂದಿನ ಸೋಮವಾರ ನನಗೆ ಎಚ್ಚರವಾದಾಗ ಅಂಗಳದಲ್ಲಿ ಬಿಸಿಲಿತ್ತು. ರಾತ್ರಿ ಒಮ್ಮೆಯೂ ಎದ್ದಿರಲಿಲ್ಲ. ಗಾಬರಿಯಿಂದ ಹೊರಗೆ ಓಡಿದೆ. ಗೂಡು ತೆರೆದಿತ್ತು. ಅತ್ತೆಯ ಕಣ್ಣುಗಳೂ ನಿದ್ದೆಯಿಂದ ಊದಿದ್ದವು. ಕಾಳಿಗಾಗಿ ಕೊಸರಾಡುತ್ತಿದ್ದ ಕರಿ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬೆನ್ನಿಗೆ ಕಿವಿ ಹಚ್ಚಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದರು.

"ಸುಮ್ನಿರು. ಏನೂ ಕೇಳವಲ್ದು."