ಮಿಲುಂಕಾಳ ಸಟ್ಟುಗ ಕೋರ್ಟಿಗೆ ಹೋದದ್ದು

ಮಿಲುಂಕಾ ತನ್ನ ಆಯುಸ್ಸಿನಲ್ಲಿ ಇನ್ನೊಬ್ಬರ ಮೇಲೆ ಕೈ ಎತ್ತಿದ್ದು ಒಂದೇ ಸಲ. ಕಾರಣ ಸಕ್ಕರೆ.

ಪ್ಲಮ್ ಹಣ್ಣು ಕಳಿಯುವ ಕಾಲ ಬಂತೆಂದರೆ ಅವಳ ಅಂಗಳದಲ್ಲಿ ತಾಮ್ರದ ಕೊಪ್ಪರಿಗೆ ಒಲೆ ಏರುತ್ತಿತ್ತು. ಬೀಜ ತೆಗೆದ ಹಣ್ಣು ಬೆಳಗಿನಿಂದ ಕತ್ತಲಾಗುವವರೆಗೆ ಕುದಿದು, ಕಪ್ಪಗೆ ಗಟ್ಟಿಯಾಗಿ ಪೆಕ್ಮೆಜ್ ಎಂಬ ಜಾಮ್ ಆಗಬೇಕು. ಅದಕ್ಕೆ ಒಂದು ಚಿಟಿಕೆ ಸಕ್ಕರೆಯೂ ಬೀಳಕೂಡದು. ಸಕ್ಕರೆ ಹಾಕುವವರು ಸೋಮಾರಿಗಳು, ಅಂಗಡಿಯವರು ಮತ್ತು ನದಿಯಾಚೆಯವರು ಎಂಬುದು ಅವಳ ಖಚಿತ ಅಭಿಪ್ರಾಯ. ಕಲಕುವುದಕ್ಕೆ ಗಂಡ ತಿಹೊಮಿರ್ ಅಕ್ರೋಟಿನ ಮರದಲ್ಲಿ ಕೆತ್ತಿಕೊಟ್ಟ ಆಳುದ್ದದ ಸಟ್ಟುಗವಿತ್ತು. ಅದರ ಅಂಚು ಆ ಕೊಪ್ಪರಿಗೆಯ ತಳಕ್ಕೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ತಿಹೊಮಿರ್ ತೀರಿಕೊಂಡ ಮೇಲೆ ಅವಳು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ.

ಪಕ್ಕದ ಮನೆಯ ರಾದಿಸಾವ್ ತಿಹೊಮಿರನ ಜೀವದ ಗೆಳೆಯ, ನಾಲಿಗೆ ಚಪಲದ ಮನುಷ್ಯ. ಅವತ್ತು ಬೇಲಿ ದಾಟಿ ಬಂದು, ರುಚಿ ನೋಡಿ, ಈ ಸಲ ಹುಳಿ ಜಾಸ್ತಿಯಾಯಿತು ಅತ್ತಿಗೆ ಎಂದ. ಅವಳು ಸೌದೆ ತರಲು ಹೋದದ್ದೇ ತಡ, ಜೇಬಿನಿಂದ ಪೊಟ್ಟಣ ತೆಗೆದು ಕೊಪ್ಪರಿಗೆಗೆ ಸುರಿಯತೊಡಗಿದ. ಪೊಟ್ಟಣ ಖಾಲಿಯಾಗುವುದರೊಳಗೆ ಅವಳು ಹಿಂತಿರುಗಿದ್ದಳು. ಅವನ ತಲೆಗೆ ಹೊಲಿಗೆ ಬಿತ್ತು. ಪೆಕ್ಮೆಜ್ ಅಷ್ಟೂ ಹಂದಿಗಳ ಪಾಲಾಯಿತು.

ರಾದಿಸಾವನಿಗೆ ದೂರು ಕೊಡುವ ಮನಸ್ಸೇನೂ ಇರಲಿಲ್ಲ. ಆದರೆ ತಲೆಗೆ ಬಟ್ಟೆ ಸುತ್ತಿಕೊಂಡು ಹೆಂಡದಂಗಡಿಗೆ ಹೋದರೆ ಅಲ್ಲಿನವರು, ಅಡುಗೆ ಸಾಮಾನಿನಿಂದ ಏಟು ತಿಂದ ವೀರ ಬಂದ ನೋಡಿ ಎಂದು ಆಡಿಕೊಂಡರು. ಮಾನ ಉಳಿಸಿಕೊಳ್ಳಲು ಹಲ್ಲೆಯ ದೂರು ಬರೆಸಿದ. ಪೊಲೀಸರು ಬಂದು ಸಟ್ಟುಗವನ್ನು ವಶಪಡಿಸಿಕೊಂಡರು. ಅದು ಜೀಪಿನೊಳಗೆ ಹಿಡಿಸದೆ, ಹಿಡಿ ಕಿಟಕಿಯಿಂದ ಹೊರಗೆ ಚಾಚಿಕೊಂಡೇ ಊರು ಬಿಟ್ಟಿತು. ಮಿಲುಂಕಾ ಗೇಟಿನವರೆಗೆ ಹಿಂದೆಯೇ ಓಡಿ, ಬಿಸಿಲಿಗಿಡಬೇಡಿ, ಸೀಳು ಬಿಡುತ್ತದೆ ಎಂದು ಕೂಗಿ ಹೇಳಿದಳು.

ಪಟ್ಟಣದ ಕೋರ್ಟು ಅವಸರ ಕಂಡದ್ದಲ್ಲ. ಒಮ್ಮೆ ನ್ಯಾಯಾಧೀಶರಿಗೆ ಜ್ವರ, ಒಮ್ಮೆ ವಕೀಲರ ಮುಷ್ಕರ, ಒಮ್ಮೆ ಹಿಮ ಬಿದ್ದು ಬಸ್ಸೇ ಇಲ್ಲ. ಮೊಗಸಾಲೆಯಲ್ಲಿ ಬೆಚ್ಚಗಿದ್ದದ್ದು ಒಂದೇ ಬೆಂಚು. ಹೊಡೆದವರೂ ಹೊಡೆಸಿಕೊಂಡವರೂ ಅದರ ಮೇಲೆಯೇ ಒತ್ತೊತ್ತಾಗಿ ಕೂರಬೇಕು. ಗದ್ದೆಯ ಬದುವಿಗಾಗಿ ಬಡಿದಾಡಿದ ಅಣ್ಣತಮ್ಮಂದಿರು ಅಲ್ಲಿ ಒಂದೇ ರೊಟ್ಟಿ ಮುರಿದು ತಿನ್ನುತ್ತಿದ್ದರು. ಆ ಕೋರ್ಟಿನ ಅರ್ಧ ಮೊಕದ್ದಮೆಗಳನ್ನು ತೀರಿಸಿದ್ದು ಬೆಂಚೇ, ಹೆಸರು ಬಂದದ್ದು ಮಾತ್ರ ಕಾನೂನಿಗೆ. ಮಿಲುಂಕಾಳ ವಿಷಯದಲ್ಲಿ ಬೆಂಚೂ ಸೋತಿತು. ಅವಳು ರಾದಿಸಾವನ ಪಕ್ಕ ಕೂತು ತಾನು ತಂದ ಚೀಸು ಕೊಟ್ಟಳು, ತಲೆಯ ಗಾಯ ವಿಚಾರಿಸಿದಳು, ಕ್ಷಮೆಯ ಮಾತೆತ್ತಿದರೆ ಮುಖ ಗೋಡೆಗೆ ತಿರುಗಿಸಿದಳು.

ಮತ್ತೆ ಹಣ್ಣು ಕಳಿಯಿತು. ಸಂತೆಯಿಂದ ತಂದ ಸಟ್ಟುಗ ಹಿಡಿದು ಒಂದು ಒಬ್ಬೆ ಪೆಕ್ಮೆಜ್ ಮಾಡಿ ನೋಡಿದಳು. ತಳ ಸೀದು ಬೀದಿಯೆಲ್ಲ ಕಮಟು ಹಬ್ಬಿತು. ಅವಳು ಒಲೆಯ ಮುಂದೆ ಕೂತು ಅತ್ತಳು.

ಕೊನೆಗೊಮ್ಮೆ ನ್ಯಾಯಾಧೀಶೆ ಅವಳನ್ನು ಕರೆದು, ಹೊಡೆದದ್ದು ನೀವೇ ಏನು ಎಂದು ಕೇಳಿದರು.

"ಇನ್ಯಾರು ಹೊಡೀತಾರೆ ಮಗಳೇ, ಸೌದೆ ಕೆಳಗಿಟ್ಟು ನಾನೇ ಹೊಡ್ದೆ," ಎಂದಳು. ಅವಳ ವಕೀಲ ಕಣ್ಣು ಮುಚ್ಚಿಕೊಂಡ.

ನ್ಯಾಯಾಧೀಶೆ ಬಿಡಿಸಿ ಹೇಳಿದರು. ಅಪರಾಧ ಸಾಬೀತಾದರೆ ಹೊಡೆದ ಆಯುಧ ಮುಟ್ಟುಗೋಲಾಗಿ ನಾಶವಾಗುತ್ತದೆ. ರಾದಿಸಾವ್ ದೂರು ಹಿಂದಕ್ಕೆ ತೆಗೆದುಕೊಂಡರೆ ಮಾತ್ರ ಅದು ಮನೆಗೆ ಹೋಗುತ್ತದೆ. ರಾದಿಸಾವ್ ಕೂಡಲೇ ಎದ್ದು, ತಾನು ತಯಾರು ಎಂದ. ಅಂಗಡಿಯ ಜಾಮ್ ತಿಂದು ಅವನಿಗೂ ಸಾಕಾಗಿತ್ತು. ಆದರೆ ಹೆಂಡದಂಗಡಿಯವರಿಗೆ ಹೇಳಲಿಕ್ಕಾದರೂ ಅತ್ತಿಗೆಯ ಬಾಯಿಂದ ಒಂದು 'ತಪ್ಪಾಯ್ತು' ಬೇಕಿತ್ತು.

"ಅವ್ನು ಸಕ್ಕರೆ ಹಾಕಿದ್ದಕ್ಕೆ ನಾನು ತಪ್ಪಾಯ್ತು ಅನ್ಬೇಕಾ? ಬೇಕಾದ್ರೆ ಜೈಲಿಗೆ ಹಾಕಿ," ಎಂದಳು ಮಿಲುಂಕಾ. "ಸಟ್ಟುಗ ಸುಡೋ ಮುಂಚೆ ಒಂದ್ಸಲ ನೋಡ್ಬಿಡ್ತೀನಿ, ಅಷ್ಟೇ."

ಅದು ಮೇಜಿನ ಮೇಲೆ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಮಲಗಿತ್ತು. ಹತ್ತಿರ ಹೋದಳು. ಅಂಚಿನಿಂದ ಹಿಡಿಯತ್ತ ಸಣ್ಣಗೆ ಒಂದು ಬಿರುಕು ಓಡಿತ್ತು. ಏಟಿನದ್ದೇ. ಅವತ್ತು ಗಡಿಬಿಡಿಯಲ್ಲಿ ಅವಳು ನೋಡಿರಲಿಲ್ಲ. ಬಿರುಕಿನ ಉದ್ದಕ್ಕೂ ಬೆರಳಾಡಿಸಿದಳು.

"ತಪ್ಪಾಯ್ತು ಕಣೋ ತಿಹೊಮಿರ್," ಎಂದಳು. "ಸಿಟ್ಟಲ್ಲಿ ಹೊಡ್ದುಬಿಟ್ಟೆ. ನಿನ್ನ ಕೈಕೆಲಸ ಹಾಳು ಮಾಡ್ದೆ."

ತಿಹೊಮಿರ್ ಆ ಅಕ್ರೋಟಿನ ಮರ ಕೊಯ್ದ ದಿನ ಗರಗಸದ ಇನ್ನೊಂದು ತುದಿ ಹಿಡಿದಿದ್ದವನು ರಾದಿಸಾವ್. ಅವನು ಟೋಪಿ ಕೈಯಲ್ಲಿ ಹಿಡಿದು, ಇಷ್ಟು ಸಾಕು, ದೂರು ಬೇಡ ಎಂದ.

"ಆಕೆ ಕ್ಷಮೆ ಕೇಳಿದ್ದು ನಿಮ್ಮನ್ನಲ್ಲವಲ್ಲ," ಎಂದರು ನ್ಯಾಯಾಧೀಶೆ.

"ಗೊತ್ತು ಬಿಡಿ. ಮೊದ್ಲು ಕೇಳ್ಬೇಕಾದ್ದು ಅವನನ್ನೇ. ನಂದು ಬರೀ ತಲೆ."

ನ್ಯಾಯಾಧೀಶೆ ಮೂಗು ಒರೆಸಿಕೊಂಡು, ಸಟ್ಟುಗ ವಾಪಸು ಕೊಡಿ ಎಂದು ಬರೆಸಿದರು.

ಬಿರುಕಿಗೆ ರಾದಿಸಾವನೇ ತಾಮ್ರದ ಪಟ್ಟಿ ಬಡಿದುಕೊಟ್ಟ. ಮುಂದಿನ ಶನಿವಾರ ಕೊಪ್ಪರಿಗೆ ಒಲೆ ಏರಿತು. ಮಧ್ಯಾಹ್ನದ ಹೊತ್ತಿಗೆ ಮಿಲುಂಕಾಳ ತೋಳು ಸೋತಿತು. ಬೇಲಿಯಾಚೆ ನಿಂತು ಮೂಗರಳಿಸುತ್ತಿದ್ದವನನ್ನು ಕರೆದು, ಕಲಕಿಕೊಡು ಬಾ ಎಂದಳು. ಅವನು ನಂಬಲಾರದೆ ಎರಡೂ ಕೈ ಚಾಚಿದ.

"ಮೊದ್ಲು ಜೇಬು," ಎಂದಳು.

ಕೋಟಿನ ಜೇಬು ಹೊರಗೆಳೆದಾಗ ಕೋರ್ಟಿನ ಕ್ಯಾಂಟೀನಿನ ಎರಡು ಸಕ್ಕರೆ ಗಟ್ಟಿ ನೆಲಕ್ಕೆ ಬಿದ್ದವು. ಮಿಲುಂಕಾ ಸಟ್ಟುಗ ಎತ್ತಿದಳು. ಅವನ ತಲೆ ನೋಡಿದಳು, ತಾಮ್ರದ ಪಟ್ಟಿ ನೋಡಿದಳು. ಆಮೇಲೆ ಸಕ್ಕರೆಯನ್ನು ಕಾಲಿನಿಂದ ಕೋಳಿಗಳತ್ತ ಒದ್ದು, ಸಟ್ಟುಗವನ್ನು ಅವನ ಕೈಗೆ ಕೊಟ್ಟಳು.