ಅಕ್ಕನ ತೂಕಕ್ಕೆ ತಕ್ಕ ಫೋರ್ಕ್

ಊರಿನ ತಕ್ಕಡಿಗಳನ್ನೆಲ್ಲ ಅನುಮಾನಿಸುವುದೇ ನಮ್ಮಕ್ಕನ ಕೆಲಸ. ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ಇಪ್ಪತ್ತಾರು ವರ್ಷದಿಂದ ಅವಳು ತೂಕ ಮತ್ತು ಅಳತೆ ಇಲಾಖೆಯ ತಪಾಸಣಾಧಿಕಾರಿ. ಹಿತ್ತಾಳೆಯ ತೂಕದ ಕಲ್ಲುಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಅಂಗಡಿ ಅಂಗಡಿಗೆ ಹೋಗುತ್ತಾಳೆ. ಅಂಗಡಿಯವರು ಅವಳಿಗಿಟ್ಟ ಹೆಸರು ಕಾಲುಗ್ರಾಂ. ಆ ಹೆಸರು ಕೇಳಿದರೆ ಅವಳಿಗೆ ಒಳಗೊಳಗೇ ಖುಷಿ.

ನಾನು ಅವಳ ತಮ್ಮ, ದರ್ಜಿ. ಮನೆಯ ಕೆಳಗಿನ ಮುಂದಿನ ಕೋಣೆಯೇ ನನ್ನ ಅಂಗಡಿ, ಮಹಡಿ ಅವಳದ್ದು. ನಾವಿಬ್ಬರೂ ಮದುವೆಯ ತಂಟೆಗೆ ಹೋದವರಲ್ಲ. ಜಗಳಕ್ಕೆ ಒಬ್ಬರಿಗೊಬ್ಬರು ಇದ್ದೇವಲ್ಲ, ಸಾಕು.

ರಜೆ ಬಂದರೆ ಅಕ್ಕ ಗುಡ್ಡದ ಸೈಕಲ್ ಹತ್ತಿ ಊರಾಚೆಯ ಹಳೆಯ ನೀರಿನ ಟ್ಯಾಂಕಿನವರೆಗೆ ಹೋಗುತ್ತಿದ್ದಳು. ಅಲ್ಲಿಂದ ಕೆಳಕ್ಕೆ ನಲವತ್ತಮೂರು ಕಲ್ಲಿನ ಮೆಟ್ಟಿಲು. ಹನ್ನೊಂದು ವರ್ಷದಿಂದ ಅವನ್ನು ಸೈಕಲ್ ಮೇಲೇ ಇಳಿಯುತ್ತಿದ್ದವಳು ಹೋದ ಚಳಿಗಾಲದಲ್ಲಿ ನಡುವೆ ಬಿದ್ದಳು. ಮೊಣಕೈ ತರಚಿತು, ಅಷ್ಟೆ. ಆದರೆ ಆಮೇಲೆ ಎರಡು ಸಲ ಟ್ಯಾಂಕಿನವರೆಗೆ ಹೋಗಿ ಸೈಕಲ್ ತಳ್ಳಿಕೊಂಡು ವಾಪಸು ಬಂದಳು.

"ಹ್ಯಾಂಡಲ್ ನಡುಗುತ್ತೆ ಕಣೋ. ಇಳಿದು ಒಂದು ಗಂಟೆ ಆದ್ರೂ ಕೈ ನಡುಗ್ತಾನೇ ಇರುತ್ತೆ. ಮುಂದಿನ ಫೋರ್ಕ್ ಸವೆದಿದೆ," ಅಂದಳು. "ಈ ಬೇಸಿಗೆ ಮುಗಿಯೋದ್ರೊಳಗೆ ಆ ಮೆಟ್ಟಿಲು ಇಳೀಲಿಲ್ಲ ಅಂದ್ರೆ ಸೈಕಲ್ ಮಾರಿಬಿಡ್ತೀನಿ. ಹೆದರ್ಕೊಂಡು ಮೂಲೇಲಿ ಇಟ್ಕೊಳ್ಳೋ ಸೈಕಲ್ ನನಗೆ ಬೇಡ."

ಹೇಳಿದ್ದನ್ನು ಮಾಡುವ ಹೆಂಗಸು. ಸೈಕಲ್ ಬಿಟ್ಟರೆ ಅವಳು ಅರ್ಧ ಆಗಿಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು.

ಅಲ್ಲಿಂದ ಶುರುವಾಯಿತು ನೋಡಿ ಫೋರ್ಕಿನ ತನಿಖೆ. ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳೇ ಫೋರ್ಕ್. ಕಲ್ಲು ಎದುರಾದಾಗ ಅವು ಒಳಕ್ಕೆ ಕುಸಿದು ಮತ್ತೆ ಮೇಲೇಳುತ್ತವೆ, ಏಟು ಕೈಗೆ ಬರುವ ಮುಂಚೆ ತಾವೇ ನುಂಗುತ್ತವೆ. ಇಷ್ಟು ನನಗೆ ಒಂದೇ ಸಂಜೆಯಲ್ಲಿ ಅರ್ಥವಾಯಿತು. ಅಕ್ಕನಿಗೆ ಎರಡೂವರೆ ತಿಂಗಳು ಸಾಲಲಿಲ್ಲ. ಎಷ್ಟು ಕುಸಿಯಬೇಕು? ನೂರು ಮಿಲಿಮೀಟರೋ, ನೂರಿಪ್ಪತ್ತೋ, ನೂರನಲವತ್ತೋ? ನನ್ನ ಅಳತೆ ಟೇಪ್ ಎತ್ತಿಕೊಂಡು ಹೋಗಿ ನಲವತ್ತಮೂರು ಮೆಟ್ಟಿಲುಗಳ ಎತ್ತರವನ್ನೂ ಬರೆದುಕೊಂಡು ಬಂದಳು. ಟೇಪ್ ಇಲ್ಲದೆ ನಾನು ಒಬ್ಬ ಗಿರಾಕಿಯನ್ನು ಮಾತಿನಲ್ಲೇ ಒಂದು ಗಂಟೆ ಕೂರಿಸಿಕೊಳ್ಳಬೇಕಾಯಿತು.

ಸೈಕಲ್ ಅಂಗಡಿಯವನನ್ನು ಎಲ್ಲರೂ ಗಾಳಿಯಣ್ಣ ಅನ್ನುತ್ತಾರೆ. ಉದ್ದನೆಯ ಮನುಷ್ಯ, ಮಾತು ಮೆಲ್ಲಗೆ.

"ಉದ್ದ ಇದ್ದಷ್ಟೂ ಒಳ್ಳೇದಲ್ವಾ?" ಎಂದು ನಾನು ಕೇಳಿದೆ.

"ನಿಮ್ಮಕ್ಕನ ಫ್ರೇಮಿಗೆ ನೂರಿಪ್ಪತ್ತೇ ಜಾಸ್ತಿ. ಅದಕ್ಕಿಂತ ಉದ್ದ ಹಾಕಿದ್ರೆ ಮುಂಭಾಗ ಎದ್ದು ನಿಲ್ಲುತ್ತೆ, ಹ್ಯಾಂಡಲ್ ಮಾತು ಕೇಳಲ್ಲ," ಅಂದ. ಫೋರ್ಕಿನ ಕುತ್ತಿಗೆ ಫ್ರೇಮಿನ ಕೊಳವೆಗೂ ಹೊಂದಬೇಕಂತೆ. ಅಂಗಿಯ ಕಾಲರ್ ಲೆಕ್ಕವೇ ಅದು ಎಂದು ನನಗೆ ಸಮಾಧಾನವಾಯಿತು.

ಒಳಗೆ ಸ್ಪ್ರಿಂಗ್ ಇರುವ ಫೋರ್ಕೋ ಗಾಳಿ ತುಂಬುವ ಫೋರ್ಕೋ ಅನ್ನುವುದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರ ಅಕ್ಕ ರಾಕ್ಷಸಿಯ ಹಾಗೆ ತಿಂದಳು. ಬ್ರೆಡ್ ತಟ್ಟೆ ನನ್ನ ಕಡೆ ಬರುವಷ್ಟರಲ್ಲಿ ಖಾಲಿ. ಸಣ್ಣ ಮಾತಿಗೂ ಸಿಡುಕುತ್ತಿದ್ದಳು, ಸೆಕೆ ಅಂತ ಕಿಟಕಿ ತೆರೆಯುತ್ತಿದ್ದಳು. ಫೋರ್ಕಿನ ಚಿಂತೆ ಹಸಿವು ಹೆಚ್ಚಿಸುತ್ತದೆ ಎಂದು ನಾನು ಆಡಿಕೊಂಡೆ. ಕೊನೆಗೆ ಗಾಳಿಯದ್ದೇ ಗೆದ್ದಿತು. ಸ್ಪ್ರಿಂಗ್ ಬೇರೆ ಬೇರೆ ತೂಕಕ್ಕೆ ಬೇರೆ ಬೇರೆ ಬೇಕು; ಗಾಳಿಯದ್ದಾದರೆ ಒಂದು ಸಣ್ಣ ಪಂಪಿನಲ್ಲಿ ಸವಾರನ ತೂಕಕ್ಕೆ ಸರಿ ಮಾಡಬಹುದು.

"ಸರಿಪಡಿಸೋಕೆ ಆಗೋ ವಸ್ತುವನ್ನೇ ನಂಬಬೇಕು," ಎಂದು ತೀರ್ಪು ಕೊಟ್ಟಳು.

"ನಿಮ್ಮ ತೂಕ?" ಹೊಸ ಫೋರ್ಕ್ ಕೂರಿಸಿದ ಗಾಳಿಯಣ್ಣ ಪಂಪ್ ಹಿಡಿದು ಕೇಳಿದ.

"ಅರವತ್ತೆಂಟು," ಅಂದಳು ಅಕ್ಕ, ಹುಟ್ಟಿದ ತಾರೀಕು ಹೇಳುವಷ್ಟು ಸಲೀಸಾಗಿ.

ಮರುದಿನವೇ ಟ್ಯಾಂಕಿನ ಹತ್ತಿರ ಹೋಗಿ, ಮೊದಲ ಮೂರು ಮೆಟ್ಟಿಲು ಇಳಿದು ನಿಂತುಬಿಟ್ಟಳು. ವಾಪಸು ಬಂದಾಗ ಮುಖ ಸುಟ್ಟ ಬದನೆಕಾಯಿ. ಹೊಸ ಫೋರ್ಕ್ ಮರದ ಕೊರಡಿನ ಹಾಗೆ ಗಟ್ಟಿ, ಹಳೆಯದೇ ಎಷ್ಟೋ ವಾಸಿ ಎಂದಳು. ಆಮೇಲೆ ಸ್ವರ ತಗ್ಗಿಸಿ, "ಅಥವಾ ತಪ್ಪು ನನ್ನದೇ ಇರಬೇಕು. ಹೆದರಿದವರಿಗೆ ಎಲ್ಲಾ ಗಟ್ಟಿ," ಅಂದಳು. ಹಾಗೆ ಮಾತಾಡುವವಳಲ್ಲ ಅವಳು. ನಾನೇ ಸೈಕಲ್ಲನ್ನೂ ಅವಳನ್ನೂ ಅಂಗಡಿಗೆ ಎಳೆದುಕೊಂಡು ಹೋದೆ.

ಫೋರ್ಕಿನ ಕಾಲಿಗೆ ಒಂದು ರಬ್ಬರ್ ಉಂಗುರ ಇರುತ್ತದೆ. ಸವಾರ ಕೂತಾಗ ಫೋರ್ಕ್ ಎಷ್ಟು ಕುಸಿಯಿತೆಂದು ಅದು ಜರುಗಿ ತೋರಿಸುತ್ತದೆ. ಗಾಳಿಯಣ್ಣ ಅಕ್ಕನನ್ನು ಕೂರಿಸಿ, ಇಳಿಸಿ, ಉಂಗುರ ನೋಡಿ ತಲೆ ಕೆರೆದುಕೊಂಡ.

"ಮೂವತ್ತು ಮಿಲಿಮೀಟರ್ ಜರುಗಬೇಕಿತ್ತು. ಇಪ್ಪತ್ತೂ ದಾಟಿಲ್ಲ. ಗಾಳಿ ಸರಿಯಾಗೇ ಇದೆ. ಅಕ್ಕಾ, ನೀವು ತೂಕ ನೋಡ್ಕೊಂಡು ಎಷ್ಟು ದಿನ ಆಯ್ತು?"

ಅಂಗಡಿಯ ಮೂಲೆಯಲ್ಲಿ ಸೈಕಲ್ ಪೆಟ್ಟಿಗೆ ತೂಗುವ ಪ್ಲಾಟ್‌ಫಾರಂ ತಕ್ಕಡಿ ಇತ್ತು. ಅದರ ಮೇಲೆ ನಿಲ್ಲಿ ಅಂದರೆ ಸುಮ್ಮನೆ ನಿಲ್ಲುತ್ತಾಳೆಯೇ? ಮೊದಲು ತನ್ನ ಪೆಟ್ಟಿಗೆ ತರಿಸಿದಳು. ಮೊಣಕಾಲೂರಿ ಕೂತು ಒಂದು ಕಿಲೋ, ಐದು ಕಿಲೋ, ಹತ್ತು ಕಿಲೋ, ಎಲ್ಲ ಒಟ್ಟಿಗೆ, ಮೂಲೆಗೊಂದರಂತೆ ಇಟ್ಟು ತೂಗಿದಳು. ಗಾಳಿಯಣ್ಣ ಉಸಿರು ಬಿಗಿಹಿಡಿದಿದ್ದ. "ಚೆನ್ನಾಗಿದೆ. ಇಪ್ಪತ್ತು ಗ್ರಾಂ ಹೆಚ್ಚುಕಮ್ಮಿ, ಅಷ್ಟೇ," ಎಂದು ಹೇಳಿ ಮೇಲೆ ಹತ್ತಿದಳು.

ಐವತ್ತೇಳು.

ಬೇರೆ ಯಾವ ತಕ್ಕಡಿಯಾಗಿದ್ದರೂ ಅದರ ಮೇಲೇ ಹರಿಹಾಯುತ್ತಿದ್ದಳು. ಇದನ್ನು ಈಗತಾನೇ ತನ್ನ ಕೈಯಾರೆ ಪಾಸು ಮಾಡಿದ್ದಳು. ಇಳಿದು ಮತ್ತೆ ಹತ್ತಿದಳು. ಐವತ್ತೇಳೇ.

"ಹನ್ನೊಂದು ಕಿಲೋ!" ಅಂದ ಗಾಳಿಯಣ್ಣ. "ಬಟ್ಟೆ ಸಡಿಲ ಆಗ್ಲಿಲ್ವಾ ಅಕ್ಕಾ?"

"ಇಲ್ವಲ್ಲ. ಎಲ್ಲಾ ಸರಿಯಾಗೇ ಇದೆ," ಎಂದು ಕೋಟಿನ ಅಂಚು ಎಳೆದು ತೋರಿಸಿದಳು.

ಅವಳ ಕೋಟುಗಳನ್ನು ಇಸ್ತ್ರಿ ಮಾಡುವವನು ನಾನು. ಏಳು ತಿಂಗಳ ಹಿಂದೆ ಅವು ಅವಳ ಮೈಮೇಲೆ ಸಡಿಲ ಕಂಡಿದ್ದವು. ಒಗೆದು ಒಗೆದು ಬಟ್ಟೆ ಹಿಗ್ಗಿದೆ ಎಂದುಕೊಂಡು ಒಳಹೊಲಿಗೆಯಲ್ಲಿ ಒಂದಿಂಚು ಹಿಡಿದೆ. ಎರಡು ತಿಂಗಳು ಬಿಟ್ಟು ಇನ್ನೊಂದಿಂಚು. ಹೋದ ತಿಂಗಳು ಮತ್ತೊಂದು. ಹೇಳಿದರೆ ಸಿಡುಕುತ್ತಾಳೆ, ಸುಮ್ಮನೆ ಅವಳಿಗೇಕೆ ತಲೆನೋವು ಎಂದು ಬಾಯಿ ಬಿಟ್ಟಿರಲಿಲ್ಲ. ಬಟ್ಟೆ ಅವಳಿಗೆ ಹೇಳಬೇಕಾಗಿದ್ದನ್ನು ನಾನೇ ಸೂಜಿ ಹಾಕಿ ಮುಚ್ಚಿದ್ದೆ. ಅಲ್ಲೇ ನಿಂತು ತೊದಲುತ್ತಾ ಎಲ್ಲವನ್ನೂ ಹೇಳಿದೆ.

ಅಕ್ಕ ಬೈಯಲಿಲ್ಲ. ತಪಾಸಣೆಯ ಪುಸ್ತಕ ತೆಗೆದು, ಕಳ್ಳ ತೂಕದವರನ್ನು ಕೇಳುವ ಅದೇ ಸ್ವರದಲ್ಲಿ, "ತಿಂಗಳು ಹೇಳು, ಇಂಚು ಹೇಳು," ಅಂದಳು. ಬರೆದುಕೊಳ್ಳುವಾಗ ಪೆನ್ನು ನಡುಗುತ್ತಿತ್ತು. ಸೈಕಲ್ ಅತ್ತ ಗೋಡೆಗೆ ಒರಗಿ ನಿಂತಿತ್ತು.

ಆ ಪುಟವನ್ನೇ ಡಾಕ್ಟರ ಮುಂದಿಟ್ಟೆವು. ಅವರು ಅವಳ ಕೈ ಚಾಚಿಸಿ ನೋಡಿದರು, ಕತ್ತು ಮುಟ್ಟಿದರು, ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಗ್ರಂಥಿ ಮಿತಿಮೀರಿ ಓಡುತ್ತಿತ್ತು. ನಡುಕ, ಸೆಕೆ, ಹಸಿವು, ಸಿಡುಕು ಎಲ್ಲ ಅದರದ್ದೇ. ಇನ್ನೂ ಬಿಟ್ಟಿದ್ದರೆ ಹೃದಯಕ್ಕೆ ಬರುತ್ತಿತ್ತು ಅಂದರು. ಆ ರಾತ್ರಿ ನಾನು ಅಕ್ಕನ ಮುಖ ನೋಡಲಾರದೆ ಹೋದೆ.

ಗುಳಿಗೆ ಶುರುವಾದ ಮೇಲೆ ಅವಳು ವಾರಕ್ಕೊಮ್ಮೆ ಗಾಳಿಯಣ್ಣನ ತಕ್ಕಡಿ ಹತ್ತಿದಳು. ಐವತ್ತೆಂಟು, ಅರವತ್ತು. ಅವನು ಮೊದಲು ಫೋರ್ಕಿನ ಗಾಳಿಯನ್ನು ಐವತ್ತೇಳಕ್ಕೆ ಇಳಿಸಿ, ಆಮೇಲೆ ಪ್ರತಿ ಸಲ ಅವಳ ತೂಕ ಏರಿದಷ್ಟೇ ತುಂಬಿದ. ಬೇಸಿಗೆಯ ಕೊನೆಯ ವಾರ ಡಾಕ್ಟರು ಹೂಂ ಅಂದರು. ನಾನು ಟೇಪ್ ಹಿಡಿದು ಕೆಳಗಿನ ಮೆಟ್ಟಿಲ ಬಳಿ ನಿಂತೆ.

ಅಕ್ಕ ಟ್ಯಾಂಕಿನ ಹತ್ತಿರ ತುಂಬಾ ಹೊತ್ತು ನಿಂತಿದ್ದಳು. ಆಮೇಲೆ ಬಂದಳು. ಫೋರ್ಕ್ ಪ್ರತಿ ಮೆಟ್ಟಿಲಿಗೂ ಕುಸಿದು ಎದ್ದಿತು, ಕುಸಿದು ಎದ್ದಿತು; ನಲವತ್ತಮೂರನ್ನೂ ದಾಟಿ ಅವಳು ನನ್ನ ಪಕ್ಕದಲ್ಲೇ ಬ್ರೇಕ್ ಹಾಕಿದಳು. ಏದುಸಿರು. ಕಣ್ಣಲ್ಲಿ ಹಳೆಯ ಅಕ್ಕ.

"ಉಂಗುರ ಎಲ್ಲೀ ತನಕ ಬಂತು ನೋಡೋ," ಅಂದಳು.

ಬಗ್ಗಿ ಟೇಪ್ ಹಿಡಿದೆ. ಕಣ್ಣು ತುಂಬಿ ಅಂಕಿಗಳೆಲ್ಲ ಕಲಸಿಹೋಗಿದ್ದವು.

"ಸರಿಯಾಗಿದೆ ಅಕ್ಕಾ," ಅಂದೆ.

"ನೋಡ್ದೆ ಹೇಳ್ಬೇಡ," ಅಂದಳು.

ಕಣ್ಣೊರೆಸಿಕೊಂಡು ಮತ್ತೆ ಬಗ್ಗಿ ನೋಡಿದೆ.